ಮಾಡು ಹತ್ತುವವರಿಗೊಂದು ಹಗ್ಗ

ಮೇ ತಿಂಗಳ ಕೊನೆಯ ವಾರದಲ್ಲಿ ಪುತ್ತೂರು, ತೀರ್ಥಹಳ್ಳಿ ಅಥವಾ ಶಿರಸಿಯ ಕಡೆ ಹೋದರೆ ಮನೆಮನೆಯ ಮಾಡಿನ ಮೇಲೂ ನಿಮಗೆ ಜನ ಕಾಣಿಸುತ್ತಾರೆ. ಒಡೆದ ಹೆಂಚನ್ನು ತೆಗೆದು ಹೊಸದನ್ನು ಸೇರಿಸುವವರು ಕೆಲವರು, ಸಂದಿಯಲ್ಲಿ ಕೂತ ತರಗೆಲೆಯನ್ನು ಗುಡಿಸುವವರು ಕೆಲವರು, ನೆತ್ತಿಯ ಹೆಂಚಿಗೆ ಗಾರೆ ಮೆತ್ತುವವರು ಇನ್ನು ಕೆಲವರು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಮತ್ತೆ ಮಾಡಿನ ಮೇಲೆ ಕಾಲಿಡುವಂತಿಲ್ಲ. ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಷ್ಟು ನೀರಿನ ಮುಂದೆ ಒಂದೇ ಒಂದು ಬಿರುಕು ಬಿಟ್ಟ ಹೆಂಚು ಸಾಕು, ಅಟ್ಟದ ಭತ್ತ ಮೊಳೆಯುವುದಕ್ಕೆ. ಹಾಗಾಗಿ ಈ ಕೆಲಸಕ್ಕೆ ಯಾವಾಗಲೂ ಅವಸರ. ಮೇಲೆ ಇರುವವರನ್ನು ಒಮ್ಮೆ ಗಮನವಿಟ್ಟು ನೋಡಿ. ಅವರ ಮೈಗೆ ಹಗ್ಗ ಕಟ್ಟಿದೆಯೇ? ಹೆಚ್ಚಿನ ಕಡೆ ಕಟ್ಟಿರುವುದಿಲ್ಲ.

ಮಾಡು ಎಂಬ ಮಾತು ಕರಾವಳಿಯದು. ಬಯಲುಸೀಮೆಯ ಓದುಗರು ಇದನ್ನು ಇಳಿಜಾರು ಚಾವಣಿ ಎಂದು ತಿಳಿದುಕೊಳ್ಳಬಹುದು. ನಿಮ್ಮ ಕಡೆಯ ತಾರಸಿ ಮನೆಗಳಲ್ಲಿ ಸಂಜೆ ಹೊತ್ತು ಮೇಲೆ ಹೋಗಿ ಕೂತು ಓದಬಹುದು. ಇಲ್ಲಿ ಆ ಭಾಗ್ಯವಿಲ್ಲ. ಹೆಚ್ಚು ಮಳೆಯ ನಾಡಿನಲ್ಲಿ ಮಾಡು ಕಡಿದಾಗಿರುವುದಕ್ಕೆ ಕಾರಣವಿದೆ. ಹೆಂಚು ಅಖಂಡವಾದ ಹೊದಿಕೆಯಲ್ಲ, ಒಂದರ ಮೇಲೊಂದು ಅಂಚು ಸೇರಿಸಿಟ್ಟ ಸಾವಿರಾರು ತುಂಡುಗಳು. ಗಾಳಿ ನೀರನ್ನು ಆ ಅಂಚುಗಳ ಒಳಕ್ಕೆ ನೂಕುವ ಮೊದಲೇ ನೀರು ಕೆಳಗಿಳಿದು ಹೋಗಬೇಕು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದು ಹೆಂಚಿನ ತೋಡಿನಲ್ಲಿ ಇನ್ನೊಂದರ ಏಣು ಕೂರುವಂಥ ಈ ಹೆಂಚು ಬಂದ ಮೇಲೆ ಸೋಗೆ ಮತ್ತು ಹುಲ್ಲಿನ ಮಾಡುಗಳು ಮೆಲ್ಲಮೆಲ್ಲನೆ ಹಿಂದೆ ಸರಿದವು. ಇಳಿಜಾರು ಮಾತ್ರ ಉಳಿಯಿತು. ನೀರನ್ನು ಜಾರಿಸಲೆಂದೇ ಕಟ್ಟಿದ ಮೇಲ್ಮೈ ಮನುಷ್ಯನನ್ನೂ ಜಾರಿಸುತ್ತದೆ ಎಂಬುದರಲ್ಲಿ ಆಶ್ಚರ್ಯವೇನಿಲ್ಲ.

ಎಷ್ಟು ಇಳಿಜಾರಾದರೆ ಜಾರುತ್ತದೆ? ಇದನ್ನು ನೀವೇ ಮನೆಯಲ್ಲಿ ಅಳೆಯಬಹುದು. ಒಂದು ಹಲಗೆಯ ಮೇಲೆ ಹಳೆಯ ರಬ್ಬರ್ ಚಪ್ಪಲಿಯೊಂದನ್ನು ಇಡಿ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತ ಹೋಗಿ. ಚಪ್ಪಲಿ ಜಾರತೊಡಗಿದ ಕ್ಷಣದಲ್ಲಿ ನಿಲ್ಲಿಸಿ, ಎತ್ತಿದ ತುದಿಯ ಎತ್ತರವನ್ನೂ ಅದರ ನೇರ ಕೆಳಗಿನ ಬಿಂದುವಿನಿಂದ ಇನ್ನೊಂದು ತುದಿಗೆ ನೆಲದ ಮೇಲಿರುವ ದೂರವನ್ನೂ ಅಳೆಯಿರಿ. ಎತ್ತರವನ್ನು ದೂರದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಘರ್ಷಣಾಂಕ. ಈಗ ಚಪ್ಪಲಿಯ ಮೇಲೊಂದು ಇಟ್ಟಿಗೆ ಹೇರಿ ಇದನ್ನೇ ಮತ್ತೆ ಮಾಡಿ. ಹೆಚ್ಚುಕಡಿಮೆ ಅದೇ ಕೋನದಲ್ಲಿ ಜಾರುತ್ತದೆ! ಭಾರ ಹೆಚ್ಚಿದಾಗ ಅದನ್ನು ಹಲಗೆಗೆ ಒತ್ತುವ ಬಲವೂ ಹೆಚ್ಚುತ್ತದೆ, ಕೆಳಕ್ಕೆ ಎಳೆಯುವ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. "ನಾನು ಹಗುರ, ನನಗೇನೂ ಆಗುವುದಿಲ್ಲ" ಎಂದು ಮಾಡು ಹತ್ತುವ ಹುಡುಗರು ಈ ಪ್ರಯೋಗವನ್ನು ಮೊದಲು ಮಾಡುವುದು ಒಳ್ಳೆಯದು. ಕೊನೆಗೆ ಹಲಗೆಯ ಬದಲು ಪಾಚಿ ಹಿಡಿದ ಹಳೆಯ ಹೆಂಚೊಂದನ್ನು ಒದ್ದೆ ಮಾಡಿ ನೋಡಿ. ಕೋನ ಎಷ್ಟು ಇಳಿಯುತ್ತದೆಂಬುದು ನಿಮ್ಮ ಕಣ್ಣಿಗೇ ಕಾಣುತ್ತದೆ.

ಈಗ ಸ್ವಲ್ಪ ಲೆಕ್ಕ. 30 ಡಿಗ್ರಿ ಇಳಿಜಾರಿನ ಮಾಡಿನ ಮೇಲೆ ಜಾರದೆ ನಿಲ್ಲಲು ಘರ್ಷಣಾಂಕ ಕಡಿಮೆಯೆಂದರೂ 0.58 ಇರಬೇಕು. ಒದ್ದೆ ಪಾಚಿಯಿಂದ ಅದು 0.2ಕ್ಕೆ ಇಳಿಯಿತೆಂದು ಇಟ್ಟುಕೊಳ್ಳೋಣ. ಸೂರಿನಂಚಿನಿಂದ 3 ಮೀಟರ್ ಮೇಲೆ ಕಾಲು ಜಾರಿದರೆ, ಅಂಚು ತಲುಪಲು ಒಂದೂವರೆ ಸೆಕೆಂಡೂ ಬೇಕಿಲ್ಲ. ಆಗ ವೇಗ ಗಂಟೆಗೆ ಸುಮಾರು 16 ಕಿಲೋಮೀಟರ್. ಅಂಚಿನಿಂದ ಅಂಗಳಕ್ಕೆ ಇನ್ನೂ 3 ಮೀಟರ್ ಇದ್ದರೆ ನೆಲ ಮುಟ್ಟುವಾಗ ವೇಗ ಗಂಟೆಗೆ 32 ಕಿಲೋಮೀಟರ್. ಇದು ಆಕಾಶಚುಂಬಿ ಕಟ್ಟಡವಲ್ಲ, ನಿಮ್ಮ ನಮ್ಮ ಮನೆಯಂಥ ಒಂದಂತಸ್ತಿನ ಮನೆ. ಜಾರತೊಡಗಿದಲ್ಲಿಂದ ನೆಲ ಮುಟ್ಟುವವರೆಗೆ ಒಟ್ಟು ಎರಡು ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ಯಾರೂ ಯೋಚಿಸಿ ಏನನ್ನೂ ಹಿಡಿದುಕೊಳ್ಳಲಾರರು. ಆದ್ದರಿಂದ ಹಿಡಿದುಕೊಳ್ಳುವ ಕೆಲಸವನ್ನು ಮೊದಲೇ ಬೇರೆ ಯಾವುದಕ್ಕಾದರೂ ಒಪ್ಪಿಸಿರಬೇಕು.

ಸೊಂಟಕ್ಕೆ ಕಟ್ಟಿದರೆ ಸಾಲದೆ?

ಹಗ್ಗವೆಂದೊಡನೆ ನಮಗೆ ತೋಚುವುದು ಸೊಂಟಕ್ಕೆ ಸುತ್ತಿದ ಹುರಿ. ಬಾವಿಗಿಳಿಯುವವರನ್ನು ನೋಡಿ ಬಂದ ಅಭ್ಯಾಸವಿರಬಹುದು. ಇಳಿಯುವುದಕ್ಕೂ ಬೀಳುವುದಕ್ಕೂ ಬಹಳ ವ್ಯತ್ಯಾಸವಿದೆ. 60 ಕಿಲೋಗ್ರಾಮ್ ತೂಕದ ಮನುಷ್ಯ 2 ಮೀಟರ್ ಬಿದ್ದು ಹಗ್ಗದ ತುದಿಗೆ ಬಂದನೆನ್ನಿ. ಹಿಗ್ಗದ ಹಗ್ಗ ಅವನನ್ನು 10 ಸೆಂಟಿಮೀಟರಿನೊಳಗೆ ನಿಲ್ಲಿಸಿದರೆ ಅವನ ಮೇಲೆ ಬೀಳುವ ಸರಾಸರಿ ಬಲ 12,000 ನ್ಯೂಟನ್ನಿಗೂ ಹೆಚ್ಚು. ಎಂದರೆ ಅವನ ತೂಕದ 21 ಪಟ್ಟು. ಅದೇ ಬೀಳುವಿಕೆಯನ್ನು ಒಂದು ಮೀಟರ್ ಉದ್ದಕ್ಕೆ ಹರಡಿ ನಿಲ್ಲಿಸಿದರೆ ಬಲ ತೂಕದ ಮೂರು ಪಟ್ಟಿಗೆ ಇಳಿಯುತ್ತದೆ. ಬಿದ್ದ ಎತ್ತರವೂ ಶಕ್ತಿಯೂ ಎರಡರಲ್ಲಿಯೂ ಒಂದೇ. ನಿಲ್ಲುವುದಕ್ಕೆ ಸಿಕ್ಕ ದೂರ ಮಾತ್ರ ಬೇರೆ. ಕ್ರಿಕೆಟ್ ಚೆಂಡು ಹಿಡಿಯುವಾಗ ನೀವು ಕೈಯನ್ನು ಹಿಂದಕ್ಕೆಳೆದುಕೊಳ್ಳುವುದು ಇದೇ ಕಾರಣಕ್ಕೆ.

21 ಪಟ್ಟು ಬಲ ಸೊಂಟದ ಸುತ್ತಲ ನಾಲ್ಕು ಬೆರಳಗಲದ ಪಟ್ಟಿಯ ಮೇಲೆ ಬಂದರೆ ಹೊಟ್ಟೆಯೊಳಗಿನ ಅಂಗಗಳೂ ಬೆನ್ನುಹುರಿಯೂ ತಾಳಲಾರವು. ತಲೆಕೆಳಗಾಗಿ ಬಿದ್ದರೆ ಪಟ್ಟಿಯಿಂದ ಮೈ ಜಾರಿಹೋಗುವುದೂ ಉಂಟು. ಆದ್ದರಿಂದಲೇ ಅಮೆರಿಕದಲ್ಲಿ 1998ರ ಜನವರಿ 1ರಿಂದ ಬೀಳುವವರನ್ನು ತಡೆಹಿಡಿಯುವುದಕ್ಕೆ ಸೊಂಟಪಟ್ಟಿ ಬಳಸುವುದನ್ನೇ ನಿಷೇಧಿಸಿದರು. ಅದರ ಜಾಗಕ್ಕೆ ಬಂದದ್ದು ಹಾರ್ನೆಸ್. ಎರಡು ಭುಜ, ಎದೆ ಮತ್ತು ಎರಡು ತೊಡೆಗಳನ್ನು ಸುತ್ತುವ ಪಟ್ಟಿಗಳ ಸರಂಜಾಮು ಇದು. ಎತ್ತಿಗೆ ನೊಗ ಹೂಡುವಾಗ ಭಾರವನ್ನು ಕುತ್ತಿಗೆಗೆ ಬಿಡದೆ ಹೆಗಲಿಗೆ ಕೊಡುತ್ತೇವಲ್ಲ, ಹಾಗೆ ಇಲ್ಲಿ ಭಾರ ಹೋಗುವುದು ಮುಖ್ಯವಾಗಿ ತೊಡೆ ಮತ್ತು ಪೃಷ್ಠದ ಗಟ್ಟಿ ಭಾಗಗಳಿಗೆ. ಹಗ್ಗ ಸೇರಿಸುವ ಡಿ ಆಕಾರದ ಬಳೆ ಬೆನ್ನಿನ ಮೇಲೆ, ಎರಡು ಹೆಗಲೆಲುಬುಗಳ ನಡುವೆ ಇರುತ್ತದೆ. ಬಿದ್ದವನು ತಲೆ ಮೇಲಾಗಿಯೇ ತೂಗುತ್ತಾನೆ. ತೊಡೆಯ ಪಟ್ಟಿ ಎಷ್ಟು ಬಿಗಿಯಿರಬೇಕು? ಚಪ್ಪಟೆಯಾದ ಅಂಗೈ ಪಟ್ಟಿಯೊಳಗೆ ತೂರಬೇಕು, ಮುಷ್ಟಿ ತೂರಬಾರದು. ಸೆಕೆಯೆಂದು ಅದನ್ನು ಜೋಲಾಗಿ ಬಿಡುವವರು ಬಹಳ ಮಂದಿ.

ಹಾರ್ನೆಸ್ಸಿನ ಬಳೆಯಿಂದ ಹೊರಡುವ ಗಿಡ್ಡ ಹಗ್ಗದಲ್ಲಿ ಪುಟ್ಟ ಚೀಲದಂಥದ್ದೊಂದು ಇರುತ್ತದೆ. ಅದೇ ಆಘಾತ ಹೀರುವ ಸಾಧನ. ಒಳಗೆ ಇರುವುದು ಮಡಿಕೆ ಮಡಿಕೆಯಾಗಿ ಹೊಲಿದ ಪಟ್ಟಿ, ಬೇರೇನೂ ಇಲ್ಲ. ಜೋರಾದ ಜಗ್ಗು ಬಿದ್ದಾಗ ಆ ಹೊಲಿಗೆಗಳು ಒಂದೊಂದಾಗಿ ಕಿತ್ತುಬರುತ್ತವೆ. ಬೀಳುವ ದೇಹದ ಶಕ್ತಿ ಹೊಲಿಗೆ ಕೀಳುವುದರಲ್ಲಿ ಖರ್ಚಾಗುತ್ತದೆ, ದೇಹದ ಮೇಲೆ ಬರುವ ಬಲ 6,000 ನ್ಯೂಟನ್ನಿನೊಳಗೆ ಉಳಿಯುತ್ತದೆ. ಇಷ್ಟು ಸರಳವಾದ ಉಪಾಯವನ್ನು ಕಂಡುಕೊಂಡವರ ಜಾಣ್ಮೆಯನ್ನು ಮೆಚ್ಚಲೇಬೇಕು. ಒಮ್ಮೆ ಹೊಲಿಗೆ ಬಿಚ್ಚಿದ ಮೇಲೆ ಮಾತ್ರ ಅದು ಮುಗಿದ ವಸ್ತು. ಮತ್ತೆ ಹೊಲಿಸಿ ಬಳಸುವಂಥದ್ದಲ್ಲ.

ಗಿಡ್ಡ ಮನೆಯ ದೊಡ್ಡ ತೊಡಕು

ಇಲ್ಲಿಯವರೆಗೆ ಹೇಳಿದ್ದನ್ನು ಓದಿ ಪೇಟೆಗೆ ಹೋಗಿ ಹಾರ್ನೆಸ್ ತಂದು, ಕಾಲ ಬಳಿಯ ತೊಲೆಗೆ ಕೊಕ್ಕೆ ಹಾಕಿಕೊಂಡು ಕೆಲಸಕ್ಕೆ ತೊಡಗಿದರೆ ಏನಾಗುತ್ತದೆ? ಲೆಕ್ಕ ಹಾಕೋಣ. ಹಗ್ಗದ ಉದ್ದ 2 ಮೀಟರ್. ಹೊಲಿಗೆ ಬಿಚ್ಚಿಕೊಂಡರೆ ಅದು ಇನ್ನೂ ಒಂದೂಮುಕ್ಕಾಲು ಮೀಟರ್ ಉದ್ದವಾಗಬಹುದು. ಬೆನ್ನಿನ ಬಳೆಯಿಂದ ಪಾದದವರೆಗೆ ಸುಮಾರು ಒಂದೂವರೆ ಮೀಟರ್. ಅದಕ್ಕೆ ಒಂದು ಮೀಟರ್ ಅಂತರವನ್ನು ಸೇರಿಸಿ. ಒಟ್ಟು ಆರು ಮೀಟರಿಗೂ ಹೆಚ್ಚು! ನಮ್ಮ ಹೆಂಚಿನ ಮನೆಯ ಸೂರು ಅಂಗಳದಿಂದ ಮೂರು ಮೀಟರ್ ಇದ್ದರೆ ಹೆಚ್ಚಾಯಿತು. ಹಗ್ಗ ಬಿಗಿಯುವ ಮೊದಲೇ ನೆಲ ಬಂದಿರುತ್ತದೆ. ಬಹುಮಹಡಿ ಕಟ್ಟಡಗಳಿಗೆಂದು ರೂಪಿಸಿದ ಸಾಧನವನ್ನು ಯೋಚಿಸದೆ ಗಿಡ್ಡ ಮನೆಗೆ ತಂದರೆ ಅದು ತೋರಿಕೆಯ ಆಭರಣವಷ್ಟೆ.

ಆದ್ದರಿಂದ ಮನೆಯ ಮಾಡಿನ ಮೇಲೆ ನಮ್ಮ ಗುರಿ ಬೀಳುವವನನ್ನು ಗಾಳಿಯಲ್ಲಿ ಹಿಡಿಯುವುದಲ್ಲ, ಅವನು ಅಂಚಿನವರೆಗೆ ಬರದಂತೆಯೇ ನೋಡಿಕೊಳ್ಳುವುದು. ಮೇವಿಗೆ ಬಿಟ್ಟ ಹಸುವನ್ನು ಗೂಟಕ್ಕೆ ಕಟ್ಟುವುದಿಲ್ಲವೆ? ಹಗ್ಗದ ಉದ್ದ ಅದು ಪಕ್ಕದ ಗದ್ದೆಗೆ ಬಾಯಿ ಹಾಕದಷ್ಟು. ಅದೇ ನ್ಯಾಯ ಇಲ್ಲಿಯೂ. ಗೂಟ ಮಾಡಿನ ನೆತ್ತಿಯಲ್ಲಿರಬೇಕು, ಹಗ್ಗ ಇಳಿಜಾರಿನ ಉದ್ದಕ್ಕೂ ಕೆಳಗೆ ಬರಬೇಕು. ಆ ಹಗ್ಗದ ಮೇಲೆ ಲೋಹದ ಕಚ್ಚೊಂದು ಓಡಾಡುತ್ತದೆ. ನಿಧಾನವಾಗಿ ಕೈಯಿಂದ ಸರಿಸಿದರೆ ಸರಿಯುತ್ತದೆ, ತಟ್ಟನೆ ಕೆಳಕ್ಕೆ ಜಗ್ಗಿದರೆ ಹಗ್ಗವನ್ನು ಕಚ್ಚಿ ನಿಲ್ಲುತ್ತದೆ. ಕಚ್ಚನ್ನು ಯಾವಾಗಲೂ ತನಗಿಂತ ಮೇಲಿರುವಂತೆ, ಹಗ್ಗವನ್ನು ಸಡಿಲ ಬಿಡದಂತೆ ಇಟ್ಟುಕೊಂಡರೆ ಕಾಲು ಜಾರಿದರೂ ಒಂದೆರಡು ಗೇಣು ಜಾರಿ ನಿಲ್ಲಬಹುದು. ಹಗ್ಗದ ಕೆಳತುದಿಗೆ ಒಂದು ದಪ್ಪ ಗಂಟು ಹಾಕಿರಲೇಬೇಕು. ಇಲ್ಲವಾದರೆ ತುದಿ ಮುಗಿದಲ್ಲಿ ಕಚ್ಚೂ ಕಳಚಿಕೊಳ್ಳುತ್ತದೆ.

ಗೂಟ ಯಾವುದು ಎಂಬುದೇ ನಿಜವಾದ ಪ್ರಶ್ನೆ. ಅಮೆರಿಕದ ನಿಯಮ ಒಬ್ಬನನ್ನು ಹಿಡಿದಿಡುವ ಆಧಾರ ಸುಮಾರು 2,270 ಕಿಲೋಗ್ರಾಮ್ ಭಾರ ತಾಳಬೇಕೆನ್ನುತ್ತದೆ. ಹೆಂಚು ಕೂರುವ ರೀಪಿಗೆ ಅಷ್ಟು ಕಸುವಿಲ್ಲ. ನೀರಿನ ದೋಣಿಗೂ ಇಲ್ಲ. ಆಂಟೆನಾ ಕಂಬಕ್ಕಂತೂ ಇಲ್ಲವೇ ಇಲ್ಲ. ರಾಮಾಯಣ, ಮಹಾಭಾರತಗಳ ಭಾನುವಾರದ ಬೆಳಿಗ್ಗೆಗಳಲ್ಲಿ ಅದೆಷ್ಟು ಮಂದಿ ಒಂದು ಕೈಯಲ್ಲಿ ಆ ಕಂಬವನ್ನು ಹಿಡಿದು ಮಾಡಿನ ಮೇಲೆ ನಿಂತು "ಈಗ ಬಂತಾ?" ಎಂದು ಕೂಗಿರಬಹುದು! ಈಗ ಆ ಜಾಗದಲ್ಲಿ ತಟ್ಟೆಯಾಕಾರದ ಆಂಟೆನಾ ಇದೆ, ಅದರ ಕಾಲೂ ಅಷ್ಟೇ ಬಡವು. ನೆತ್ತಿಯ ತೊಲೆ ಗೆದ್ದಲು ಹಿಡಿಯದೆ ಗಟ್ಟಿಯಾಗಿದ್ದರೆ ಅದನ್ನು ಬಳಸಿ ಸುತ್ತಬಹುದು. ಹಳೆಯ ಮನೆಗಳಲ್ಲಿ ಅದನ್ನು ಮೇಲಿನಿಂದ ಪರೀಕ್ಷಿಸುವುದು ಕಷ್ಟ. ಆಗ ಇನ್ನೊಂದು ದಾರಿ: ಹಗ್ಗವನ್ನು ನೆತ್ತಿಯ ಮೇಲಿಂದ ಆಚೆಗೆ ಎಸೆದು ಮನೆಯ ಮತ್ತೊಂದು ಬದಿಯ ಗಟ್ಟಿ ಮರದ ಬುಡಕ್ಕೋ ಕಲ್ಲುಕಂಬಕ್ಕೋ ಕಟ್ಟುವುದು. ಹಗ್ಗ ನೆತ್ತಿಯ ಹೆಂಚಿನ ಅಂಚಿಗೆ ಉಜ್ಜುವಲ್ಲಿ ಗೋಣಿತಟ್ಟು ಮಡಚಿ ಇಡಬೇಕು. ಜೀಪಿಗೋ ಟ್ರಾಕ್ಟರಿಗೋ ಮಾತ್ರ ಕಟ್ಟಬೇಡಿ. ಮೇಲಿನವನನ್ನು ಮರೆತು ಯಾರಾದರೂ ಗಾಡಿ ಚಾಲೂ ಮಾಡಿಯಾರು.

ಇನ್ನೊಂದು ಸೂಕ್ಷ್ಮ. ಹಗ್ಗ ಕಟ್ಟಿದ ಜಾಗದಿಂದ ನೀವು ಬಹಳ ಪಕ್ಕಕ್ಕೆ ಸರಿದು ಜಾರಿದರೆ ನೇರ ಕೆಳಗಿಳಿಯುವುದಿಲ್ಲ, ಗಡಿಯಾರದ ಲೋಲಕದಂತೆ ಬೀಸಿಹೋಗಿ ಗೋಡೆಗೋ ಮೂಲೆಗೋ ಬಡಿಯುತ್ತೀರಿ. ಜೊತೆಗೆ ಹಗ್ಗ ಹೆಂಚಿನ ಅಂಚಿನ ಮೇಲೆ ಗರಗಸದಂತೆ ಓಡುತ್ತದೆ. ಹಾಗಾಗಿ ಕೆಲಸ ಮುಂದುವರಿದಂತೆ ಆಧಾರವನ್ನೂ ಮುಂದಕ್ಕೆ ಸರಿಸುತ್ತ ಹೋಗಬೇಕು. ಬೇಸರದ ಕೆಲಸವೇ ಸರಿ.

ಯಾವ ಹಗ್ಗ ಎಂದು ಕೇಳುವಿರಾದರೆ, ಸಂತೆಯಲ್ಲಿ ಸಿಗುವ ನೀಲಿ ಹಳದಿ ಪ್ಲಾಸ್ಟಿಕ್ ಹಗ್ಗ ಬೇಡ. ಹಸು ಕಟ್ಟಲು ಅದು ಸಾಕು. ಬಿಸಿಲಿನಲ್ಲಿ ಬೇಗ ಶಿಥಿಲವಾಗುತ್ತದೆ, ಗಂಟೂ ಜಾರುತ್ತದೆ. ತೆಂಗಿನ ನಾರಿನ ಹುರಿ ಒಳಗೇ ಕೊಳೆತಿದ್ದರೆ ಹೊರಗೆ ತಿಳಿಯುವುದಿಲ್ಲ. ಬೇಕಾದದ್ದು ಇದೇ ಕೆಲಸಕ್ಕೆಂದು ಮಾಡಿದ ನೈಲಾನ್ ಅಥವಾ ಪಾಲಿಯೆಸ್ಟರ್ ಹಗ್ಗ. ಯಾವ ಹಗ್ಗವೇ ಆಗಲಿ, ಗಂಟು ಹಾಕಿದಲ್ಲಿ ಅದರ ಬಲ ಗಣನೀಯವಾಗಿ, ಕೆಲವು ಗಂಟುಗಳಲ್ಲಿ ಅರ್ಧದಷ್ಟೂ ಕುಗ್ಗುತ್ತದೆ. ಹಾರ್ನೆಸ್ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೊದ ಐ.ಎಸ್. 3521 ಎಂಬ ಗುರುತು, ಶಿರಸ್ತ್ರಾಣಕ್ಕೆ ಐ.ಎಸ್. 2925 ಇದೆಯೇ ನೋಡಿ. ಶಿರಸ್ತ್ರಾಣಕ್ಕೆ ಗಲ್ಲದ ಪಟ್ಟಿ ಇರಬೇಕು. ಇಲ್ಲದಿದ್ದರೆ ತಲೆಗಿಂತ ಮೊದಲು ಅದೇ ಕೆಳಗಿಳಿಯುತ್ತದೆ.

ಕಾಲಿಗೇನು ಹಾಕಬೇಕು ಎಂಬ ಬಗ್ಗೆ ನಮ್ಮ ಕೆಲಸಗಾರರಿಗೆ ಅವರದೇ ಅಭಿಪ್ರಾಯವಿದೆ. ಅಡಿಕೆ ಮರ ಹತ್ತಿ ಪಳಗಿದ ಕಾಲು ಬರಿಗಾಲಾಗಿರುವುದನ್ನೇ ನಂಬುತ್ತದೆ. ಒಣ ಹೆಂಚಿನ ಮೇಲೆ ಅದರಲ್ಲಿ ತಿರುಳಿಲ್ಲದಿಲ್ಲ, ಹೆಂಚು ಅಲುಗಿದರೆ ಪಾದಕ್ಕೆ ಕೂಡಲೇ ತಿಳಿಯುತ್ತದೆ. ಆದರೆ ಮೇ ತಿಂಗಳ ನಡುಹಗಲಿನ ಕಾದ ಹೆಂಚು, ಕಿತ್ತ ಮೊಳೆ, ಒಡೆದ ಅಂಚು ಇವುಗಳ ಮುಂದೆ ಬರಿಗಾಲು ಸೋಲುತ್ತದೆ. ಹಿಮ್ಮಡಿ ಬಿಗಿಯಾಗಿ ಕೂರುವ, ಮೆತ್ತನೆಯ ರಬ್ಬರ್ ಅಟ್ಟೆಯ ಕ್ಯಾನ್ವಾಸ್ ಶೂ ಉತ್ತಮ. ಹವಾಯಿ ಚಪ್ಪಲಿ ಎಲ್ಲಕ್ಕಿಂತ ಕೆಟ್ಟದ್ದು.

ಜಾರುವುದರಷ್ಟೇ ಅಪಾಯ ಮುರಿದು ಒಳಗೆ ಬೀಳುವುದರಲ್ಲಿಯೂ ಇದೆ. ಮಂಗಳೂರು ಹೆಂಚಿನ ಮಾಡಿನಲ್ಲಿ ಬೆಳಕಿಗೆಂದು ಅಲ್ಲಲ್ಲಿ ಗಾಜಿನ ಹೆಂಚು ಇಡುತ್ತಾರೆ. ನಾಲ್ಕು ಮಳೆಗಾಲ ಕಳೆದು ಧೂಳೂ ಪಾಚಿಯೂ ಕೂತ ಮೇಲೆ ಅದು ಮೇಲಿನಿಂದ ಮಣ್ಣಿನ ಹೆಂಚಿನಂತೆಯೇ ಕಾಣುತ್ತದೆ. ಹತ್ತುವ ಮೊದಲು ಮನೆಯೊಳಗೆ ನಿಂತು ಬೆಳಕು ಎಲ್ಲಿಂದ ಬರುತ್ತಿದೆಯೆಂದು ನೋಡಿ ಗುರುತು ಮಾಡಿಕೊಳ್ಳಿ. ಕೊಟ್ಟಿಗೆಗೆ ಹೊದಿಸಿದ ಸಿಮೆಂಟ್ ಶೀಟು ಇನ್ನೂ ಮೋಸದ್ದು. ನಿನ್ನೆ ತಾಳಿದ್ದು ಇಂದು ತಾಳೀತೆಂಬ ಭರವಸೆಯಿಲ್ಲ. ಶೀಟಿನ ಮೇಲೆ ನೇರವಾಗಿ ಕಾಲಿಡಲೇಬಾರದು, ಎರಡು ಮೂರು ತೊಲೆಗಳ ಮೇಲೆ ಭಾರ ಹಂಚುವಂಥ ಉದ್ದನೆಯ ಹಲಗೆ ಹಾಸಿಕೊಳ್ಳಬೇಕು. ಹೆಂಚಿಗೂ ಇಂಥದ್ದೇ ಉಪಾಯವಿದೆ: ನೆತ್ತಿಯ ಆಚೆ ಬದಿಗೆ ಕೊಕ್ಕೆಯಂತೆ ಹಿಡಿಯುವ ಚಪ್ಪಟೆ ಏಣಿಯನ್ನು ಮಾಡಿನ ಮೇಲೆ ಮಲಗಿಸಿದರೆ ಕಾಲಿಗೆ ಮೆಟ್ಟಿಲೂ ಆಯಿತು, ಹೆಂಚಿಗೆ ಭಾರವೂ ಹಂಚಿತು. ಊರಿನ ಬಡಗಿ ಒಂದು ದಿನದಲ್ಲಿ ಇದನ್ನು ಮಾಡಿಕೊಡಬಲ್ಲ.

ನೆಲದಿಂದ ಹತ್ತುವ ಏಣಿಯ ವಿಚಾರ ಚಿಕ್ಕದು. ನಾಲ್ಕಡಿ ಎತ್ತರಕ್ಕೆ ಒಂದಡಿಯಂತೆ ಬುಡವನ್ನು ಗೋಡೆಯಿಂದ ದೂರವಿಡಿ, ತುದಿ ಸೂರಿಗಿಂತ ಒಂದು ಮೀಟರ್ ಮೇಲಿರಲಿ, ತುದಿಯನ್ನು ಕಟ್ಟಿ. ಅಲ್ಯೂಮಿನಿಯಂ ಏಣಿಯನ್ನು ಕಂಬದಿಂದ ಮನೆಗೆ ಬರುವ ವಿದ್ಯುತ್ ತಂತಿಯ ಹತ್ತಿರ ಸುಳಿಯಗೊಡಬೇಡಿ. ಒದ್ದೆ ಬಿದಿರೂ ನಂಬಿಕೆಗೆ ಅರ್ಹವಲ್ಲ. ಹೆಂಚಿನಡಿ ಕಣಜದ ಗೂಡಿದೆಯೇ ಎಂದು ಒಳಗಿನಿಂದ ನೋಡಿಕೊಳ್ಳಿ. ಕಣಜ ಮುತ್ತಿದಾಗ ಕಾಲ ಕೆಳಗಿನ ಇಳಿಜಾರು ಯಾರಿಗೂ ನೆನಪಿರುವುದಿಲ್ಲ.

ನಿಜ ಹೇಳಬೇಕೆಂದರೆ, ಎಷ್ಟೋ ಸಲ ಹತ್ತುವ ಅಗತ್ಯವೇ ಇರುವುದಿಲ್ಲ. ಈ ಹೆಂಚುಗಳಿಗೆ ಸಾಮಾನ್ಯವಾಗಿ ಮೊಳೆ ಹೊಡೆದಿರುವುದಿಲ್ಲ, ರೀಪಿನ ಮೇಲೆ ಸುಮ್ಮನೆ ಕೂತಿರುತ್ತವೆ. ಅಟ್ಟದಲ್ಲಿ ನಿಂತು ಮೇಲಿನ ಸಾಲಿನ ಹೆಂಚನ್ನು ತುಸು ಎತ್ತಿ ಒಡೆದದ್ದನ್ನು ಒಳಕ್ಕೆ ಎಳೆದುಕೊಂಡು ಹೊಸದನ್ನು ಅದೇ ದಾರಿಯಲ್ಲಿ ತೂರಿಸಬಹುದು. ಹಿರಿಯ ಕೆಲಸಗಾರರು ಇದನ್ನು ಬಲ್ಲರು. ನನ್ನ ಮಟ್ಟಿಗೆ ಹಾರ್ನೆಸ್ಸಿಗಿಂತ ಮೇಲಾದ ರಕ್ಷಣೆ ಇದು.

ಹತ್ತಲೇಬೇಕಾದರೆ ಒಬ್ಬರೇ ಹತ್ತಬಾರದು. ಹಗ್ಗ ಹಿಡಿದು ನಿಲ್ಲಿಸಿದ ಮೇಲೂ ಕಥೆ ಮುಗಿಯುವುದಿಲ್ಲ. ಹಾರ್ನೆಸ್ಸಿನಲ್ಲಿ ಅಲುಗಾಡದೆ ತೂಗುವವನ ಕಾಲುಗಳಲ್ಲಿ ರಕ್ತ ನಿಂತುಬಿಡುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತಿರುತ್ತವೆ. ತೂಗುವಾಗ ಆ ಪಂಪು ನಿಂತಿತು. ಮೆದುಳಿಗೆ ರಕ್ತ ಸಾಲದೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಕಾಲಿಗೆ ಹಗ್ಗದ ಕುಣಿಕೆ ಇಳಿಬಿಟ್ಟು ಅದರಲ್ಲಿ ಮೆಟ್ಟಿ ನಿಲ್ಲುವಂತಾದರೆ ಸಮಯ ಸಿಗುತ್ತದೆ. ಕೆಳಗೆ ಒಬ್ಬರು, ಕೈಗೆಟಕುವಂತೆ ಇನ್ನೊಂದು ಏಣಿ, ಇವಿಷ್ಟನ್ನು ಹತ್ತುವ ಮೊದಲೇ ಹೊಂದಿಸಿರಬೇಕು.

ಇದಕ್ಕೆಲ್ಲ ಕಾನೂನಿಲ್ಲವೆ ಎಂದು ನೀವು ಕೇಳಬಹುದು. 1996ರಲ್ಲಿ ಸಂಸತ್ತು ಕಟ್ಟಡ ಕಾರ್ಮಿಕರ ಕಾಯಿದೆ ಮಾಡಿತು. ಅದು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯಿಸಿತು, ಹತ್ತು ಲಕ್ಷ ರೂಪಾಯಿಗೆ ಮೀರದ ಸ್ವಂತ ಮನೆಯ ಕೆಲಸವನ್ನು ಹೊರಗಿಟ್ಟಿತು. ಮುಂದೆ 2020ರಲ್ಲಿ ಔದ್ಯೋಗಿಕ ಸುರಕ್ಷೆಯ ಹೊಸ ಸಂಹಿತೆಯೂ ಅಂಗೀಕಾರವಾಯಿತು. ಆದರೆ ಇಬ್ಬರು ಆಳುಗಳನ್ನು ಕರೆದು ಮಳೆಗಾಲದ ಮೊದಲು ಮಾಡು ಸರಿಮಾಡಿಸುವ ಕೆಲಸ ಯಾವ ತಪಾಸಣೆಯ ಅಧಿಕಾರಿಯ ಕಣ್ಣಿಗೂ ಬೀಳುವಂಥದ್ದಲ್ಲ. ಅಲ್ಲಿ ಹಗ್ಗ ಒದಗಿಸಬೇಕಾದವರು ಮನೆಯವರೇ. ದಿನಗೂಲಿಗೆ ಬಂದವರು "ಹಗ್ಗ ಕೊಡಿ" ಎಂದು ಕೇಳಲು ಹಿಂಜರಿಯುತ್ತಾರೆ; ಕೇಳಿದರೆ ಹೆದರುಪುಕ್ಕಲನೆಂದು ನಾಳೆ ಕೆಲಸಕ್ಕೆ ಕರೆಯದಿದ್ದರೆ? ಆದ್ದರಿಂದ "ಇದನ್ನು ಹಾಕಿಕೊಂಡೇ ಹತ್ತಿ, ನಿಧಾನವಾದರೂ ಪರವಾಗಿಲ್ಲ, ಕೂಲಿ ಕಡಿಮೆ ಮಾಡುವುದಿಲ್ಲ" ಎಂಬ ಮಾತು ಮನೆಯೊಳಗಿನಿಂದ ಮೊದಲು ಬರಬೇಕು. ನಿಮ್ಮ ತಂದೆಯೋ ಮಾವನೋ ತಾವೇ ಹತ್ತುವವರಾದರೆ ಮಾತು ಇನ್ನೂ ಕಷ್ಟ. ಮೊದಲು ಆ ಚಪ್ಪಲಿಯ ಪ್ರಯೋಗವನ್ನು ಅವರ ಎದುರಿಗೇ ಮಾಡಿ ತೋರಿಸಿ.

ವರ್ಷಕ್ಕೆ ಮೂರು ದಿನದ ಕೆಲಸಕ್ಕೆ ಪ್ರತಿ ಮನೆಯವರೂ ಸರಂಜಾಮು ಕೊಳ್ಳಬೇಕಿಲ್ಲ. ಔಷಧಿ ಸಿಂಪಡಿಸುವ ಪಂಪನ್ನು ನಾಲ್ಕು ಮನೆಯವರು ಸೇರಿ ಇಟ್ಟುಕೊಳ್ಳುವ ಹಾಗೆ ಒಂದು ಜೊತೆ ಹಾರ್ನೆಸ್, ಹಗ್ಗ, ಕಚ್ಚುಗಳನ್ನು ಕೇರಿಗೊಂದರಂತೆ ಇಟ್ಟುಕೊಳ್ಳಬಹುದು. ಪ್ರತಿ ಸಲ ಕೊಡುವ ಮೊದಲು ಹೊಲಿಗೆಯನ್ನೂ ಕೊಕ್ಕೆಯ ಬೀಗವನ್ನೂ ನೋಡಬೇಕು, ಪಟ್ಟಿಯನ್ನು ಬೆರಳಿನಿಂದ ಬಗ್ಗಿಸಿ ಬಣ್ಣಗೆಟ್ಟ, ಎಳೆ ಹರಿದ ಭಾಗವಿದೆಯೇ ಪರೀಕ್ಷಿಸಬೇಕು. ಒಮ್ಮೆ ಯಾರನ್ನಾದರೂ ತಡೆದು ಹಿಡಿದ ಜೊತೆಯನ್ನು ಕತ್ತರಿಸಿ ಬಿಸಾಡಬೇಕು. ಬಿಸಿಲು ತಾಗದಂತೆ ಬಟ್ಟೆಯ ಚೀಲದಲ್ಲಿ ತೂಗುಹಾಕಿ. ಇಲಿ ಕಡಿಯುವ ಜಾಗವೂ ಬೇಡ, ಮೈಲುತುತ್ತ ಮತ್ತು ಬ್ಯಾಟರಿ ನೀರು ಇಡುವ ಮೂಲೆಯೂ ಬೇಡ. ನೈಲಾನನ್ನು ಆಮ್ಲ ತಿಂದುಹಾಕುತ್ತದೆ, ಹೊರಗಿನಿಂದ ನೋಡಿದರೆ ಎಷ್ಟೋ ಸಲ ಅದು ತಿಳಿಯುವುದೂ ಇಲ್ಲ.